ಕಿಟ್ ಕಾರಿಗೆ ಮುಂದಿನ ಗ್ಲಾಸು ಮೊದಲೋ, ವೈಪರ್ ಮೊದಲೋ?

ತಿಪಟೂರು ತೆಂಗು (ಕೋವೆಂಟ್ರಿ):

ಎಲ್ಲರಿಗೂ ನಮಸ್ಕಾರ. ನಾನು ಇಂಗ್ಲೆಂಡಿನ ಕೋವೆಂಟ್ರಿಯಲ್ಲಿದ್ದೇನೆ. ಮೂರು ವರ್ಷದಿಂದ ಮನೆಯ ಗ್ಯಾರೇಜಿನಲ್ಲಿ ಒಂದು ಕಿಟ್ ಕಾರು ಕಟ್ಟುತ್ತಿದ್ದೇನೆ. ಲೋಟಸ್ ಸೆವೆನ್ ಥರದ್ದು, ಎರಡೇ ಸೀಟಿನ ತಗ್ಗು ಕಾರು. ಚಾಸಿ ಮತ್ತು ತಗಡು ಕಿಟ್‌ನಲ್ಲಿ ಬಂದವು. ಇಂಜಿನ್, ಗೇರ್‌ಬಾಕ್ಸ್, ವೈರಿಂಗ್ ಎಲ್ಲ ತುಕ್ಕು ಹಿಡಿದಿದ್ದ ಒಂದು ಮಜ್ದಾ ಎಂಎಕ್ಸ್-5 ನಿಂದ ಬಿಚ್ಚಿಕೊಂಡದ್ದು. ಕಾರು ಸ್ಟಾರ್ಟ್ ಆಗುತ್ತದೆ, ಬ್ರೇಕ್ ಹಿಡಿಯುತ್ತದೆ. ನೋಂದಣಿಗೆ ಮೊದಲು ಪಾಸಾಗಬೇಕಾದ ಐವಿಎ ಟೆಸ್ಟ್‌ಗೆ ಇನ್ನು ಆರು ವಾರ ಇದೆ. ನಾನು ಸಿಕ್ಕಿಹಾಕಿಕೊಂಡಿರುವುದು ಮುಂದಿನ ಗ್ಲಾಸು ಮತ್ತು ವೈಪರ್ ಹತ್ತಿರ.

ಮೊದಲು ಗ್ಲಾಸಿನ ಕಥೆ. ಹೋದ ತಿಂಗಳೇ ಕೂರಿಸಿದ್ದೆ. ಸಪಾಟಾದ ಲ್ಯಾಮಿನೇಟೆಡ್ ಗ್ಲಾಸು, ಸುತ್ತ ಅಲ್ಯೂಮಿನಿಯಂ ಫ್ರೇಮು, ಎರಡು ಬದಿಗೆ ಎರಡು ಕಂಬ. ಕಂಬದ ಬುಡ ಸ್ಕಟಲ್‌ಗೆ ಬೋಲ್ಟ್ ಆಗುತ್ತದೆ. (ಬಾನೆಟ್ ಹಿಂದೆ, ಡ್ಯಾಶ್‌ಬೋರ್ಡಿನ ಮೇಲೆ ಕಮಾನಿನ ಹಾಗೆ ಬಾಗಿರುವ ತಗಡಿಗೆ ಇಲ್ಲಿ ಸ್ಕಟಲ್ ಅನ್ನುತ್ತಾರೆ.) ಸಂಜೆ ಬೋಲ್ಟ್ ಬಿಗಿ ಮಾಡಿ ಮಲಗಿದೆ. ಬೆಳಿಗ್ಗೆ ಗ್ಯಾರೇಜಿಗೆ ಹೋದ ಮಗಳು ಬಂದು, "ಅಪ್ಪಾ, ಗ್ಲಾಸಿಗೆ ಒಂದು ಕೂದಲು ಅಂಟಿದೆ, ಒರೆಸಿದರೂ ಹೋಗ್ತಿಲ್ಲ" ಅಂದಳು. ಕೂದಲಲ್ಲ. ಎಡಗಡೆ ಕೆಳಮೂಲೆಯಿಂದ ಎದ್ದ ಬಿರುಕು. ಯಾರೂ ಮುಟ್ಟಿಲ್ಲ, ಏನೂ ಬಿದ್ದಿಲ್ಲ. ಮಾರಿದವರನ್ನು ಕೇಳಿದರೆ, ಕೂರಿಸುವಾಗ ಆದದ್ದಕ್ಕೆ ನಾವು ಹೊಣೆ ಅಲ್ಲ ಅಂದರು. ಹೊಸ ಗ್ಲಾಸು ತರಿಸಿದ್ದೇನೆ. ರಗ್ಗಿನಲ್ಲಿ ಸುತ್ತಿ ಮಂಚದ ಕೆಳಗೆ ಇಟ್ಟಿದ್ದೇನೆ. ಅದನ್ನು ಮುಟ್ಟಲು ಧೈರ್ಯ ಬರುತ್ತಿಲ್ಲ.

ಇನ್ನು ವೈಪರ್. ಮಜ್ದಾದ ವೈಪರ್ ಸೆಟ್ಟು ಅಗಲ ಜಾಸ್ತಿ, ಸ್ಕಟಲ್ ಒಳಗೆ ಹಿಡಿಸುವುದಿಲ್ಲ. ಹಾಗಾಗಿ ಹಳೆಯ ಮಿನಿ ಕಾರಿನ ಲ್ಯೂಕಸ್ 14ಡಬ್ಲ್ಯೂ ಮೋಟಾರ್ ತಂದೆ. ಇದರಲ್ಲಿ ಮೋಟಾರ್ ಒಂದು ಮೂಲೆಯಲ್ಲಿ ಕೂರುತ್ತದೆ. ಸುರುಳಿ ತಂತಿ ಸುತ್ತಿದ ಕೇಬಲ್ ಒಂದು ಕೊಳವೆಯೊಳಗೆ ಹಿಂದಕ್ಕೂ ಮುಂದಕ್ಕೂ ಓಡಾಡುತ್ತದೆ. ದಾರಿಯಲ್ಲಿರುವ ಎರಡು ವೀಲ್‌ಬಾಕ್ಸ್‌ನ (ವೈಪರ್ ಕೂರುವ ದಂಡ ಇರುವ ಪುಟ್ಟ ಡಬ್ಬಿಗಳ) ಹಲ್ಲುಚಕ್ರಗಳನ್ನು ಅದು ತಿರುಗಿಸುತ್ತದೆ. ಇಕ್ಕಟ್ಟಿನ ಜಾಗಕ್ಕೆ ಹೇಳಿ ಮಾಡಿಸಿದ ಹಾಗಿದೆ. ಸದ್ಯ ಎಲ್ಲವನ್ನೂ ಒಂದು ಹಲಗೆ ಮೇಲೆ ಜೋಡಿಸಿ ಓಡಿಸಿ ನೋಡುತ್ತಿದ್ದೇನೆ. ಮೂರು ತೊಂದರೆ ಕಾಣುತ್ತಿವೆ.

ಸ್ವಿಚ್ ಆಫ್ ಮಾಡಿದ ಕಡೆಯೇ ಬ್ಲೇಡು ನಿಂತುಬಿಡುತ್ತದೆ, ಕೆಳಗೆ ಬಂದು ಮಲಗುವುದಿಲ್ಲ. ಹಲಗೆ ಮೇಲೆ ಫ್ರೇಮಿನ ಗೆರೆ ಎಳೆದಿದ್ದೇನೆ, ಬ್ಲೇಡು ಆ ಗೆರೆಯನ್ನು ಎರಡು ಇಂಚು ದಾಟಿ ಹೋಗುತ್ತದೆ. ಮತ್ತೆ, ಐದು ನಿಮಿಷ ಓಡಿಸಿದರೆ ಮೋಟಾರ್ ಮೇಲೆ ಕೈ ಇಡಲಾಗದಷ್ಟು ಬಿಸಿ.

ತಿಪಟೂರಿನಲ್ಲಿ ನಮ್ಮಪ್ಪ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದರು. ತಗಡಿಗೆ ತೂತು ಕೊರೆಯುವ ಮುಂಚೆ ರಟ್ಟಿನಲ್ಲಿ ಕತ್ತರಿಸಿ ನೋಡದೆ ಅವರು ಡ್ರಿಲ್ ಮುಟ್ಟುತ್ತಿರಲಿಲ್ಲ. ಅದಕ್ಕೇ ವೈಪರ್‌ಗೆ ಅಂತ ಸ್ಕಟಲ್‌ಗೆ ಇನ್ನೂ ಒಂದು ತೂತೂ ಹಾಕಿಲ್ಲ. ಯಾವುದು ಮೊದಲು, ಯಾವುದು ಆಮೇಲೆ? ಮಾಡಿದವರು ಹೇಳಿ.


ಡರ್ಬಿ ಗೌಡ್ರು:

ಮೂರು ವರ್ಷ ಬಿಡದೆ ಹಿಡಿದಿದ್ದೀರಲ್ಲ, ಖುಷಿಯಾಯ್ತು. ನಾನೂ ಇದೇ ಥರದ ಕಾರು ಕಟ್ಟಿ ಎರಡನೇ ಸಲಕ್ಕೆ ಐವಿಎ ಪಾಸು ಮಾಡಿಸಿದವನು.

ಒಂದು ಸುಲಭ ದಾರಿ ಇದೆ. ಗ್ಲಾಸೇ ಇಲ್ಲದೆ ಟೆಸ್ಟ್‌ಗೆ ಹೋಗಬಹುದು. ಗ್ಲಾಸಿನ ಮೂಲಕ ನೋಡದೆಯೇ ಮುಂದಿನ ರಸ್ತೆ ಚೆನ್ನಾಗಿ ಕಾಣುವ ಗಾಡಿಗೆ ವೈಪರ್ ಬೇಕಿಲ್ಲ. ಇಲ್ಲಿನ 1986ರ ರಸ್ತೆ ವಾಹನ ನಿಯಮದಲ್ಲೂ ಹಾಗೇ ಇದೆ. ತುಂಬಾ ಜನ ಕನ್ನಡಕ ಹಾಕಿಕೊಂಡು ಹಾಗೇ ಓಡಿಸುತ್ತಾರೆ. ಆದರೆ ಎತ್ತರದ ಗ್ಲಾಸು ಹಾಕಿದಿರಿ ಅಂದರೆ ವೈಪರ್, ನೀರು ಚಿಮ್ಮಿಸುವ ವಾಷರ್, ಮಂಜು ತೆಗೆಯುವ ವ್ಯವಸ್ಥೆ ಮೂರೂ ಬೇಕು.

ಮೊದಲ ಸಲ ನಾನು ಫೇಲಾದದ್ದು ಎರಡು ಕಾರಣಕ್ಕೆ. ವೈಪರ್ ಕೂರುವ ದಂಡದ ತುದಿ ಚೂಪಾಗಿ ಹೊರಗೆ ಕಾಣುತ್ತಿತ್ತು. ಕಾರಿಗೆ ಯಾರಾದರೂ ತಾಗಿದರೆ ಗಾಯ ಆಗಬಾರದು ಅನ್ನುವುದು ಆ ನಿಯಮದ ಉದ್ದೇಶ. ದಂಡಕ್ಕೆ ಒಂದು ಟೋಪಿ ಇರಬೇಕು. ಅದರ ಅಂಚಿನ ದುಂಡು ಕನಿಷ್ಠ 2.5 ಮಿ.ಮೀ. ತ್ರಿಜ್ಯದ್ದಾಗಿರಬೇಕು, ತುದಿ 150 ಚದರ ಮಿ.ಮೀ.ಗಿಂತ ಚಿಕ್ಕದಾಗಿರಬಾರದು. ಇದಕ್ಕೆಂದೇ ಮಾಡಿದ ಟೋಪಿಗಳು ಸಿಗುತ್ತವೆ, ಈಗಲೇ ತರಿಸಿಡಿ. ಎರಡನೆಯದು ಮಂಜು. ಚಿಕ್ಕ ಹೀಟರಿನ ಗಾಳಿ ಗ್ಲಾಸಿನ ಮಧ್ಯಕ್ಕೆ ಮಾತ್ರ ಬಡಿಯುತ್ತಿತ್ತು. ಆಮೇಲೆ ಒಳಗೇ ಕೂದಲೆಳೆ ತಂತಿ ಇರುವ ಬಿಸಿ ಗ್ಲಾಸು ಹಾಕಿಸಿದೆ. ನಿಮ್ಮದೂ ಅಂಥದ್ದಾದರೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್ಚು) ಮತ್ತು ಬೇರೆ ಫ್ಯೂಸ್ ಇಲ್ಲದೆ ಕರೆಂಟ್ ಕೊಡಬೇಡಿ. ಅದು ಕರೆಂಟ್ ಜಾಸ್ತಿ ಎಳೆಯುತ್ತದೆ, ಡ್ಯಾಶ್‌ಬೋರ್ಡ್ ಸ್ವಿಚ್ಚು ತಡೆಯುವುದಿಲ್ಲ.

ಗ್ಲಾಸಿನ ಮೂಲೆಯಲ್ಲಿರುವ ಅಚ್ಚು ನೋಡಿಕೊಳ್ಳಿ. ವೃತ್ತದೊಳಗೆ ಇ ಅಕ್ಷರ ಮತ್ತು ಒಂದು ಅಂಕಿ, ಜೊತೆಗೆ 43ಆರ್ ಅಂತ ಇದ್ದರೆ ಅದು ಗಾಡಿಗೆ ಒಪ್ಪಿಗೆ ಪಡೆದ ಗ್ಲಾಸು, ಸರಿ. ಆ ಅಚ್ಚು ಫ್ರೇಮಿನ ರಬ್ಬರ್ ಒಳಗೆ ಮುಚ್ಚಿಹೋಗದ ಹಾಗೆ ಕೂರಿಸಿ.


ಶೆಫೀಲ್ಡ್ ಸುಮ:

ಬಿರುಕಿನ ಬಗ್ಗೆ ನಾನು ಹೇಳುತ್ತೇನೆ. ನಮ್ಮ ಮನೆಯಲ್ಲೂ ಇದೇ ಆಗಿತ್ತು, ಗ್ಲಾಸಿನ ಕೆಲಸ ನಾನೇ ಮಾಡಿದ್ದು.

ಗ್ಲಾಸು ಭಾರ ತಡೆಯುತ್ತದೆ, ತಿರುಚಿದರೆ ತಡೆಯುವುದಿಲ್ಲ. ಸ್ಕಟಲ್ ಬಾಗಿದ ತಗಡು. ಎಡಗಡೆ ಕಂಬದ ಬುಡ ಒಂದು ಓರೆಯಲ್ಲಿ, ಬಲಗಡೆಯದು ಇನ್ನೊಂದು ಓರೆಯಲ್ಲಿ ಕೂತಿರುತ್ತದೆ. ಬೋಲ್ಟ್ ಬಿಗಿ ಮಾಡಿದಾಗ ಬುಡ ತಗಡಿಗೆ ಒತ್ತಿಕೊಳ್ಳುತ್ತದೆ, ಫ್ರೇಮು ಹಪ್ಪಳದ ಹಾಗೆ ತಿರುಚುತ್ತದೆ. ಕಣ್ಣಿಗೆ ಕಾಣುವುದಿಲ್ಲ. ರಾತ್ರಿ ಚಳಿಗೆ ಅಲ್ಯೂಮಿನಿಯಂ ಸ್ವಲ್ಪ ಕುಗ್ಗಿದರೂ ಸಾಕು, ಅಂಚಿನಲ್ಲಿ ಎಲ್ಲೋ ಇದ್ದ ಸಣ್ಣ ಚಕ್ಕೆಯಿಂದ ಬಿರುಕು ಹೊರಡುತ್ತದೆ. ನಿಮ್ಮದು ಕೆಳಮೂಲೆಯಿಂದ ಎದ್ದದ್ದು ಅದಕ್ಕೇ ಅಂತ ನನ್ನ ಅಂದಾಜು.

ಹೊಸ ಗ್ಲಾಸನ್ನು ಮಂಚದ ಕೆಳಗೇ ಬಿಡಿ. ಬರಿ ಫ್ರೇಮು ಮತ್ತು ಕಂಬ ಮಾತ್ರ ಕಾರಿಗೆ ಕಟ್ಟಿ. ಈಗ ಎರಡು ದಾರ ತೆಗೆದುಕೊಳ್ಳಿ. ಒಂದನ್ನು ಮೇಲಿನ ಎಡಮೂಲೆಯಿಂದ ಕೆಳಗಿನ ಬಲಮೂಲೆಗೆ ಬಿಗಿಯಾಗಿ ಎಳೆದು ಕಟ್ಟಿ. ಇನ್ನೊಂದನ್ನು ಉಳಿದ ಎರಡು ಮೂಲೆಗೆ. ಫ್ರೇಮು ಸಪಾಟಾಗಿದ್ದರೆ ದಾರಗಳು ನಡುವೆ ಒಂದನ್ನೊಂದು ಸುಮ್ನೆ ಮುಟ್ಟಿಕೊಂಡಿರುತ್ತವೆ. ತಿರುಚಿದ್ದರೆ ನಡುವೆ ಸಂದು ಕಾಣುತ್ತದೆ, ಇಲ್ಲವೇ ಒಂದು ಇನ್ನೊಂದನ್ನು ತಳ್ಳುತ್ತದೆ. ಎರಡನೇ ದಾರವನ್ನು ಒಮ್ಮೆ ಮೇಲೆ, ಒಮ್ಮೆ ಕೆಳಗೆ ಹಾಯಿಸಿ ನೋಡಿದರೆ ಅನುಮಾನ ಉಳಿಯುವುದಿಲ್ಲ. ನಮ್ಮದರಲ್ಲಿ 6 ಮಿ.ಮೀ. ಸಂದು ಇತ್ತು. ಕಂಬದ ಬುಡಕ್ಕೆ ರಬ್ಬರ್ ಪಟ್ಟಿ, ಅದರ ಕೆಳಗೆ ತೆಳು ಅಲ್ಯೂಮಿನಿಯಂ ತುಂಡುಗಳನ್ನು ಒಂದೊಂದೇ ಕೊಟ್ಟು ಸಂದು ಹೋಗುವವರೆಗೆ ಸರಿ ಮಾಡಿದೆವು. ಇಡೀ ಭಾನುವಾರ ಹಿಡಿಯಿತು. ಸ್ಕಟಲ್ ಒಳಗಡೆಯಿಂದ ಬೋಲ್ಟ್‌ಗೆ ಅಗಲವಾದ ಪ್ಲೇಟು ಕೊಡಿ, ಇಲ್ಲದಿದ್ದರೆ ತೆಳು ತಗಡು ಒಳಕ್ಕೆ ಕುಸಿಯುತ್ತದೆ.

ಗ್ಲಾಸು ಹಾಕುವಾಗ ಲೋಹ ಎಲ್ಲೂ ಗ್ಲಾಸಿಗೆ ತಾಗಬಾರದು, ಸ್ಕ್ರೂ ತುದಿ ಕೂಡ. ರಬ್ಬರ್ ಬೀಡಿಂಗ್‌ಗೆ ಪಾತ್ರೆ ತೊಳೆಯುವ ಸೋಪಿನ ನೀರು ಹಚ್ಚಿದರೆ ಜಾರಿ ಕೂರುತ್ತದೆ. ಬೋಲ್ಟ್‌ಗಳನ್ನು ಎಡಗಂಬದ್ದು ಕಾಲು ಸುತ್ತು, ಬಲಗಂಬದ್ದು ಕಾಲು ಸುತ್ತು ಹೀಗೆ ಬಿಗಿ ಮಾಡಿ. ಒಂದೇ ಕಡೆ ಪೂರ್ತಿ ಮಾಡಬೇಡಿ.

ಹಾಗಾದರೆ ಯಾವುದು ಮೊದಲು? ಫ್ರೇಮು ಮೊದಲು, ವೈಪರ್ ನಡುವೆ, ಗ್ಲಾಸು ಕೊನೆಗೆ. ಫ್ರೇಮಿಗೆ ಗ್ಲಾಸಿನ ಅಳತೆಯ ದಪ್ಪ ರಟ್ಟು ಕೂರಿಸಿ. ವೈಪರ್ ಕೈಗೆ ಪೆನ್ಸಿಲ್ ಕಟ್ಟಿ ಕೈಯಿಂದಲೇ ತಿರುಗಿಸಿ, ರಟ್ಟಿನ ಮೇಲೆ ಗೆರೆ ಬೀಳಲಿ. ಆಮೇಲೆ ನೀವು ಸೀಟಿನಲ್ಲಿ ಬೆಲ್ಟ್ ಹಾಕಿ ಕೂತು, ರಸ್ತೆ ಕಾಣಬೇಕಾದ ಜಾಗವನ್ನು ಮಗಳ ಕೈಲಿ ರಟ್ಟಿನ ಮೇಲೆ ಗುರುತು ಮಾಡಿಸಿ. ಆ ಗುರುತು ಪೆನ್ಸಿಲ್ ಗೆರೆಯ ಒಳಗೆ ಬರುವವರೆಗೆ ವೀಲ್‌ಬಾಕ್ಸ್ ಜಾಗ ಸರಿಸಿ. ಅಲ್ಲಿಗೆ ತೂತು.


ದಾವಣಗೆರೆ ಎಲೆಕ್ಟ್ರಿಷಿಯನ್:

ತಮ್ಮಾ, ಈ ಹಲ್ಲಿನ ಕೇಬಲ್ ವೈಪರನ್ನು ನಾನು ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರುಗಳಲ್ಲಿ ಬಿಚ್ಚಿ ಹಾಕಿದವನು. ಅವು ಮದ್ರಾಸಿನಲ್ಲಿ ತಯಾರಾಗುತ್ತಿದ್ದವು, ಮೂಲ ಕಂಪನಿ ನಿಮ್ಮ ಕೋವೆಂಟ್ರಿಯದೇ.

ಮೊದಲು ನಿಲ್ಲುವ ವಿಷಯ. ನಿಮ್ಮ ಮೋಟಾರ್ ಸರಿ ಇದೆ, ಸ್ವಿಚ್ ಸರಿ ಇಲ್ಲ ಅನ್ನಿಸುತ್ತದೆ. ಅಂಗಡಿಯ ಸಾದಾ ಸ್ವಿಚ್ ಹಾಕಿದ್ದೀರಿ ಅಲ್ವಾ? ಮೋಟಾರಿನಲ್ಲಿ ಐದು ಪಿನ್ ಇವೆ. 1 ಅರ್ತ್. 4ಕ್ಕೆ ಇಗ್ನಿಷನ್‌ನಿಂದ ಫ್ಯೂಸ್ ದಾಟಿ ಬರುವ ಹಸಿರು ತಂತಿ. 5 ನಿಧಾನ, 3 ಜೋರು, 2 ಪಾರ್ಕ್, ಅಂದರೆ ಬ್ಲೇಡನ್ನು ಮಲಗಿಸುವುದು. ಸ್ವಿಚ್ ಆಫ್ ಆದಾಗ 2 ಮತ್ತು 5 ಒಂದಕ್ಕೊಂದು ಸೇರಬೇಕು. ಆಗ ಬ್ಲೇಡು ದಾರಿಯಲ್ಲಿರುವ ತನಕ 4ರಿಂದ ಕರೆಂಟ್ 2ರ ಮೂಲಕ 5ಕ್ಕೆ ಹೋಗಿ ಮೋಟಾರ್ ಓಡುತ್ತಲೇ ಇರುತ್ತದೆ. ಬ್ಲೇಡು ಮಲಗುವ ಜಾಗ ತಲುಪಿದ ಕೂಡಲೇ ಮೋಟಾರಿನ ಒಳಗಿನ ಸ್ವಿಚ್ಚು 2ನ್ನು ಅರ್ತ್‌ಗೆ ತಿರುಗಿಸುತ್ತದೆ. ಮೋಟಾರಿನ ಎರಡೂ ತುದಿ ಅರ್ತ್ ಆಗಿ ಟಕ್ಕನೆ ನಿಲ್ಲುತ್ತದೆ. ಸಾದಾ ಸ್ವಿಚ್ಚಿನಲ್ಲಿ ಈ ಸೇರುವಿಕೆ ಇಲ್ಲ, ಅದಕ್ಕೇ ಎಲ್ಲಿ ಆಫ್ ಮಾಡಿದರೆ ಅಲ್ಲೇ ನಿಲ್ಲುತ್ತದೆ. ನಿಮ್ಮ ಮಜ್ದಾ ಸ್ಟಿಯರಿಂಗ್ ಪಕ್ಕದ ಕಡ್ಡಿ ಸ್ವಿಚ್ ಇದ್ದರೆ ಮೀಟರ್ ಇಟ್ಟು ನೋಡಿ, ಆಫ್‌ನಲ್ಲಿ ಯಾವ ಎರಡು ತಂತಿ ಸೇರುತ್ತವೆ ಅಂತ.

ಎರಡು ಇಂಚು ದಾಟುವ ವಿಷಯ. ಮೋಟಾರಿನ ಮುಚ್ಚಳ ತೆಗೆದರೆ ಒಳಗೆ ಗೇರ್ ಇದೆ, ಬ್ಲೇಡು ಎಷ್ಟು ಡಿಗ್ರಿ ಬೀಸುತ್ತದೆ ಅನ್ನುವುದು ಅದರ ಮೇಲೆ ಅಚ್ಚಾಗಿರುತ್ತದೆ. ಮಿನಿಯದು ಅಂದರೆ ಬಹುಶಃ 130 ಇರಬೇಕು. ನಿಮ್ಮ ಗ್ಲಾಸು ತಗ್ಗು, 110 ಅಥವಾ 105ರ ಗೇರ್ ಹಾಕಿ. ಬಿಚ್ಚುವಾಗ ಒಳಗಿನ ಬಳೆಯಂಥ ತಗಡಿನ ವಾಷರ್‌ಗಳು ಯಾವುದರ ಮೇಲೆ ಯಾವುದು ಇತ್ತು ಅಂತ ಫೋಟೋ ತೆಗೆದುಕೊಳ್ಳಿ. ಹಳೇ ಗ್ರೀಸು ಮೇಣದ ಹಾಗೆ ಗಟ್ಟಿಯಾಗಿರುತ್ತದೆ, ಪೂರ್ತಿ ಕೆರೆದು ಹೊಸದು ಹಾಕಿ.

ಬಿಸಿಗೆ ಕಾರಣ ಕೊಳವೆ. ಬಾಗು ಒಂದು ಗೇಣಿಗಿಂತ, ಅಂದರೆ 9 ಇಂಚಿನ ತ್ರಿಜ್ಯಕ್ಕಿಂತ ಬಿಗಿ ಇರಬಾರದು. ವೀಲ್‌ಬಾಕ್ಸ್ ಹತ್ತಿರ ಕೊಳವೆಯ ಬಾಯಿ ಜಜ್ಜಿರಬಾರದು. ಮೋಟಾರ್ ಕಳಚಿ, ವೈಪರ್ ಕೈಗಳನ್ನು ತೆಗೆದು, ಕೇಬಲ್ ತುದಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆಯಿರಿ. 2.7 ಕೆ.ಜಿ. ಒಳಗೇ ಜಾರಬೇಕು. ಊರಿಗೆ ಬರುವಾಗ ಸೂಟ್‌ಕೇಸ್ ತೂಗುವ ಕೈತಕ್ಕಡಿ ಮನೆಯಲ್ಲಿ ಇದ್ದೇ ಇರುತ್ತದೆ, ಅದೇ ಸಾಕು.

ಕೊನೆಗೆ, ವೈಪರ್ ಕೈಗಳನ್ನು ಮೊದಲೇ ಹಾಕಬೇಡಿ. ಮೋಟಾರ್ ಓಡಿಸಿ, ಆಫ್ ಮಾಡಿ, ಅದು ತಾನಾಗಿ ನಿಂತ ಮೇಲೆ ದಂಡದ ಹಲ್ಲಿಗೆ ಕೈಗಳನ್ನು ಮಲಗಿದ ಹಾಗೆ ಕೂರಿಸಿ.


ತಿಪಟೂರು ತೆಂಗು:

ಮೂರು ವಾರ ಆಯ್ತು. ಹೇಳಿದ್ದನ್ನೆಲ್ಲ ಮಾಡಿ ಬಂದಿದ್ದೇನೆ.

ಸುಮಕ್ಕ, ದಾರ ಕಟ್ಟಿದಾಗ ನಡುವೆ 9 ಮಿ.ಮೀ. ಸಂದು! ಹಳೆ ಗ್ಲಾಸು ಅಷ್ಟು ತಿರುಚಿಕೊಂಡು ರಾತ್ರಿಯಿಡೀ ನಿಂತಿತ್ತಲ್ಲ ಅನ್ನಿಸಿ ಬೇಜಾರಾಯ್ತು. ಎಡಗಡೆ ಬುಡಕ್ಕೆ ಮೂರು ತುಂಡು, ಬಲಕ್ಕೆ ಒಂದು ತುಂಡು ಕೊಟ್ಟ ಮೇಲೆ ದಾರಗಳು ಮುಟ್ಟಿದವು. ಮಗಳು ರಟ್ಟಿನ ಮೇಲೆ ಗುರುತು ಮಾಡಿದಳು. ನಾನು ಊಹಿಸಿದ್ದಕ್ಕಿಂತ ನನ್ನ ಕಣ್ಣು 40 ಮಿ.ಮೀ. ಕೆಳಗಿದೆ. ಹಲಗೆ ಮೇಲೆ ಇಟ್ಟ ಜಾಗದಲ್ಲೇ ತೂತು ಹಾಕಿದ್ದರೆ ಬ್ಲೇಡು ಒರೆಸುವ ಜಾಗ ಒಂದು ಕಡೆ, ನಾನು ನೋಡುವ ಜಾಗ ಇನ್ನೊಂದು ಕಡೆ ಆಗುತ್ತಿತ್ತು.

ಅಣ್ಣಾ, ಗೇರ್ ಮೇಲೆ 130 ಅಂತಲೇ ಇತ್ತು. 110ರದ್ದು ಹಾಕಿದೆ, ಈಗ ಫ್ರೇಮಿಗೆ ಎರಡು ಬೆರಳು ಜಾಗ ಉಳಿಯುತ್ತದೆ. ತಕ್ಕಡಿ ಮೊದಲು 5 ಕೆ.ಜಿ. ತೋರಿಸಿತು. ಕೊಳವೆಯ ಒಂದು ಬಾಗು ಬಿಗಿಯಾಗಿತ್ತು, ನಾನು ಸ್ಪೀಡೋಮೀಟರ್ ತಪ್ಪಿಸಲು ಬಗ್ಗಿಸಿದ್ದು. ಸ್ಪೀಡೋಮೀಟರನ್ನೇ 15 ಮಿ.ಮೀ. ಕೆಳಗಿಳಿಸಿ ಕೊಳವೆ ನೇರ ಮಾಡಿದೆ. ಈಗ 2 ಕೆ.ಜಿ. ಮಜ್ದಾ ಕಡ್ಡಿ ಸ್ವಿಚ್ಚಿನಲ್ಲಿ ಆಫ್‌ನಲ್ಲಿ ಸೇರುವ ತಂತಿಗಳೂ ಸಿಕ್ಕವು. ಬ್ಲೇಡು ಮಲಗುತ್ತದೆ. ಮೊದಲ ಸಲ ಮಲಗಿದಾಗ ಇಬ್ಬರೂ ಚಪ್ಪಾಳೆ ಹೊಡೆದೆವು.

ಗೌಡ್ರೇ, ಗ್ಲಾಸಿಲ್ಲದ ದಾರಿ ಬೇಡ ಅಂದುಕೊಂಡೆ. ಪಕ್ಕದ ಸೀಟು ಮಗಳದ್ದು, ಇಲ್ಲಿ ಮಳೆ ಹೇಳಿ ಬರುವುದಿಲ್ಲ. ಟೋಪಿಗಳು ಬಂದಿವೆ. ನಮ್ಮದು ಬಿಸಿ ಗ್ಲಾಸೇ, ರಿಲೇ ಹಾಕಿದ್ದೇನೆ. ನಿನ್ನೆ ಸಂಜೆ ಮಂಚದ ಕೆಳಗಿಂದ ಅದನ್ನು ತೆಗೆದು ಸೋಪಿನ ನೀರು ಹಚ್ಚಿ ಕೂರಿಸಿದೆವು. ರಾತ್ರಿ ಎರಡು ಸಲ ಎದ್ದು ಟಾರ್ಚ್ ಹಾಕಿ ನೋಡಿ ಬಂದೆ. ಬೆಳಿಗ್ಗೆ ಮಗಳು ಮೂಲೆ ಮೂಲೆಗೂ ಬೆರಳಾಡಿಸಿ, "ಕೂದಲಿಲ್ಲ ಅಪ್ಪಾ" ಅಂದಳು.

ಒಂದು ಪ್ರಶ್ನೆ ಉಳಿದಿದೆ. ಓಡಿಸಿ ನೋಡುವಾಗ ಬ್ಲೇಡು ಕಿರ್ರ್ ಅಂತ ಕೂಗಿ ಜಿಗಿಯುತ್ತದೆ. ಯಾಕೆ?


ದಾವಣಗೆರೆ ಎಲೆಕ್ಟ್ರಿಷಿಯನ್:

ಒಣ ಗ್ಲಾಸಿನ ಮೇಲೆ ಓಡಿಸಿದ್ದೀರಾ? ಹಾಗಿದ್ದರೆ ಈಗಲೇ ನಿಲ್ಲಿಸಿ, ಬ್ಲೇಡಿನ ರಬ್ಬರೂ ಹಾಳು, ಮೋಟಾರಿಗೂ ಭಾರ. ಹೊಸ ಗ್ಲಾಸಿನ ಮೇಲೆ ಸೋಪಿನ ಪದರವೂ ಉಳಿದಿರುತ್ತದೆ. ಚೆನ್ನಾಗಿ ತೊಳೆದು, ಮಗಳ ಕೈಗೆ ನೀರಿನ ಪೈಪ್ ಕೊಟ್ಟು ಓಡಿಸಿ ನೋಡಿ. ಆಗಲೂ ಜಿಗಿದರೆ ಬಹುಶಃ ವೈಪರ್ ಕೈಯ ತುದಿ ತಿರುಚಿರಬೇಕು. ಬ್ಲೇಡು ಗ್ಲಾಸಿಗೆ ನೆಟ್ಟಗೆ ನಿಲ್ಲುವ ಹಾಗೆ ಎರಡು ಇಕ್ಕಳದಲ್ಲಿ ಹಿಡಿದು ಸ್ವಲ್ಪವೇ ತಿರುಗಿಸಿ. ಬಗ್ಗಿಸುವಾಗ ಕೈಯನ್ನು ದಂಡದಿಂದ ಕಳಚಿಕೊಳ್ಳಿ, ಗ್ಲಾಸಿನ ಹತ್ತಿರ ಇಕ್ಕಳ ಬೇಡ.