ಪದಚರ್ಚೆ: ಎಣ್ಣೆ ‘ಬ್ಯಾಕ್ಟೀರಿಯಾ ನಿರೋಧಕ’ವೋ, ಬ್ಯಾಕ್ಟೀರಿಯಾವೇ ‘ನಿರೋಧಕ’ವೋ?

ಪ್ರಶ್ನೆ

ಬಲ್ಲವರಿಗೆ ನಮಸ್ಕಾರ. ಲವಂಗದೆಣ್ಣೆ ಕುರಿತ ಒಂದು ವಿಜ್ಞಾನ ಬರಹವನ್ನು ತಿದ್ದುತ್ತಿದ್ದೇನೆ. “ಸಾರಭೂತ ತೈಲಗಳಿಗೆ ಬ್ಯಾಕ್ಟೀರಿಯಾ ನಿರೋಧಕ ಗುಣವಿದೆ” ಎಂದು ಒಂದು ಕಡೆ ಇದೆ. ಎರಡು ಸಾಲು ಕೆಳಗೆ “ನಿರೋಧಕ ಬ್ಯಾಕ್ಟೀರಿಯಾಗಳ ಮೇಲೂ ಇವು ಪರಿಣಾಮಕಾರಿ” ಎಂದಿದೆ. ಮೊದಲ ಸಾಲಿನಲ್ಲಿ ತಡೆಯುವುದು ಎಣ್ಣೆ, ಎರಡನೆಯದರಲ್ಲಿ ತಡೆದುಕೊಳ್ಳುವುದು ಬ್ಯಾಕ್ಟೀರಿಯಾ. ಕೋಷ್ಟಕದಲ್ಲಂತೂ ಎಂ.ಐ.ಸಿ. (ಬೆಳವಣಿಗೆ ತಡೆಯಲು ಬೇಕಾದ ಕನಿಷ್ಠ ಪ್ರಮಾಣ), ಎಂ.ಬಿ.ಸಿ. (ಕೊಲ್ಲಲು ಬೇಕಾದ ಕನಿಷ್ಠ ಪ್ರಮಾಣ) ಎರಡಕ್ಕೂ ‘ನಿರೋಧಕ ಸಾಂದ್ರತೆ’ ಎಂದೇ ಬರೆದಿದ್ದಾರೆ. ಹೇಗೆ ಬಿಡಿಸುವುದು? ‘ಸಾರಭೂತ ತೈಲ’ವನ್ನು ಉಳಿಸಿಕೊಳ್ಳಲೇ? ಇಂಗ್ಲಿಷಿನ ‘ಎಸೆನ್ಷಿಯಲ್ ಆಯಿಲ್’ಗೆ ಜಾಲದಲ್ಲಿ ‘ಅಗತ್ಯ ತೈಲ’ ಎಂದೂ ಕಾಣುತ್ತದೆ.

ಉತ್ತರ

‘ಅಗತ್ಯ ತೈಲ’ವನ್ನು ಮೊದಲು ಹೊಡೆದುಹಾಕಿ. ದೇಹಕ್ಕೆ ಅಗತ್ಯ ಎನ್ನುವುದು ಲಿನೋಲಿಕ್ ಆಮ್ಲದಂಥ ಕೊಬ್ಬಿನಾಮ್ಲಗಳಿಗೆ ಸಲ್ಲುವ ಮಾತು. ಇಲ್ಲಿರುವುದು ಗಿಡದ ಸಾರ, ಹಾಗಾಗಿ ‘ಸಾರಭೂತ’ ಸರಿಯೇ.

ತಕರಾರು ಇರುವುದು ‘ತೈಲ’ದಲ್ಲಿ. ತಿಲದಿಂದ ತೈಲ, ಎಳ್ಳು ಮತ್ತು ನೆಯ್ ಸೇರಿ ಎಣ್ಣೆ: ಎರಡೂ ಹುಟ್ಟಿದ್ದು ಎಳ್ಳಿನಿಂದಲೇ. ಹಬೆಯಲ್ಲಿ ಬಟ್ಟಿ ಇಳಿಸಿದ ಲವಂಗದೆಣ್ಣೆಯಲ್ಲಾದರೋ ಜಿಡ್ಡೇ ಇಲ್ಲ. ಅದರಲ್ಲಿ ಸಾಮಾನ್ಯವಾಗಿ ಶೇ. 70ರಿಂದ 90 ಯೂಜಿನಾಲ್. ಉಳಿದದ್ದು ಬಹುಪಾಲು ಯೂಜಿನೈಲ್ ಅಸಿಟೇಟ್ ಮತ್ತು ಬೀಟಾ ಕ್ಯಾರಿಯೋಫಿಲೀನ್. ಆಯುರ್ವೇದದ ‘ತೈಲ’ವೋ, ಎಳ್ಳೆಣ್ಣೆಗೆ ಕಷಾಯ, ಕಲ್ಕ (ಅರೆದ ಮೂಲಿಕೆ) ಹಾಕಿ ಕಾಯಿಸಿದ್ದು. ‘ತುಳಸಿ ತೈಲ’ ಎಂದಷ್ಟೇ ಬರೆದರೆ ಯಾವುದೆಂದು ತಿಳಿಯುವುದಿಲ್ಲ. ಮೊದಲ ಸಲ ಬಂದಾಗ ‘ಬಟ್ಟಿ ಇಳಿಸಿದ’ ಎಂದು ಸೇರಿಸಿ. ಒತ್ತುಕಾಗದದ ಮೇಲೆ ಒಂದು ಹನಿ ಬಿಟ್ಟರೆ ಬಟ್ಟಿ ಎಣ್ಣೆ ಆರಿಹೋಗುತ್ತದೆ, ಕೊಬ್ಬರಿ ಎಣ್ಣೆ ಬೆರೆಸಿದ್ದರೆ ಜಿಡ್ಡಿನ ಕಲೆ ಉಳಿಯುತ್ತದೆ. ಶ್ರೀಗಂಧದೆಣ್ಣೆ ಮಾತ್ರ ಆರಲು ಬಹಳ ಹೊತ್ತು ಹಿಡಿಯುತ್ತದೆ. ಅದರ ಮುಖ್ಯ ಅಂಶವಾದ ಸ್ಯಾಂಟಲಾಲ್ ಸುಲಭವಾಗಿ ಆವಿಯಾಗುವ ಪೈಕಿ ಅಲ್ಲ, ಕಲೆ ಕಂಡ ಕೂಡಲೇ ಕಲಬೆರಕೆ ಎನ್ನಬೇಡಿ.

ಇನ್ನು ‘ನಿರೋಧಕ’. ಗರ್ಭನಿರೋಧಕ ಮಾತ್ರೆ ಗರ್ಭವನ್ನು ತಡೆಯುತ್ತದೆ, ಬರ ನಿರೋಧಕ ತಳಿ ಬರವನ್ನು ತಡೆಯುವುದಿಲ್ಲ, ತಾಳಿಕೊಳ್ಳುತ್ತದೆ. ಎರಡೂ ರೂಢಿಯಲ್ಲಿ ಗಟ್ಟಿಯಾಗಿ ಕೂತಿವೆ, ಕೀಳಲಾಗದು. ಆದರೆ ಒಂದೇ ಬರಹದಲ್ಲಿ ಎರಡನ್ನೂ ಬಳಸಬಾರದು. ಬ್ಯಾಕ್ಟೀರಿಯಾಕ್ಕೆ ‘ಜಗ್ಗದ’ ಎನ್ನಿ: ‘ಮೆಥಿಸಿಲಿನ್‌ಗೆ ಜಗ್ಗದ ಸ್ಟಫೈಲೋಕಾಕಸ್’. ಯಾವ ಔಷಧಕ್ಕೆ ಎನ್ನುವುದನ್ನು ಈ ಮಾತೇ ಕೇಳಿ ಪಡೆಯುತ್ತದೆ. ಬರೀ ‘ನಿರೋಧಕ ಬ್ಯಾಕ್ಟೀರಿಯಾ’ದಲ್ಲಿ ಅದು ತಪ್ಪಿಸಿಕೊಂಡಿತ್ತು.

ಎಣ್ಣೆಯ ಕಡೆಗೆ ‘ತಡೆ’ ಮತ್ತು ‘ಮಾರಕ’ ಎರಡೂ ಬೇಕು, ಏಕೆಂದರೆ ಅಳತೆಯೇ ಎರಡು. 96 ಗುಳಿಗಳ ತಟ್ಟೆಯಲ್ಲಿ ಎಣ್ಣೆಯನ್ನು ಗುಳಿಯಿಂದ ಗುಳಿಗೆ ಅರ್ಧರ್ಧ ಮಾಡುತ್ತಾ ಹೋಗಿ, ಪ್ರತಿ ಮಿಲಿಲೀಟರ್‌ಗೆ ಸುಮಾರು 5 ಲಕ್ಷ ಜೀವಕೋಶ ಬರುವಂತೆ ಬ್ಯಾಕ್ಟೀರಿಯಾ ಸೇರಿಸಿ, ಸುಮಾರು 35 ಡಿಗ್ರಿ ಸೆಲ್ಸಿಯಸ್‌ನಲ್ಲಿ 16ರಿಂದ 20 ಗಂಟೆ ಇಡುತ್ತಾರೆ. ಬೆಳವಣಿಗೆ ಕಾಣದ ಅತಿ ಕಡಿಮೆ ಪ್ರಮಾಣವೇ ಎಂ.ಐ.ಸಿ.: ‘ಕನಿಷ್ಠ ತಡೆ ಪ್ರಮಾಣ’. ಅಲ್ಲಿ ಬ್ಯಾಕ್ಟೀರಿಯಾ ಸತ್ತಿರಬೇಕೆಂದೇನೂ ಇಲ್ಲ. ಆ ಗುಳಿಗಳಿಂದ 10 ಮೈಕ್ರೋಲೀಟರ್ ತೆಗೆದು ಅಗಾರ್ (ಬ್ಯಾಕ್ಟೀರಿಯಾ ಬೆಳೆಸುವ ಗಟ್ಟಿ ಮಾಧ್ಯಮ) ಮೇಲೆ ಹರಡಬೇಕು. ಮೊದಲಿಗೆ ಅಷ್ಟರಲ್ಲಿದ್ದ ಕೋಶಗಳು 5,000, ಶೇ. 99.9 ಸತ್ತಿದ್ದರೆ 5ಕ್ಕಿಂತ ಹೆಚ್ಚು ಕಾಲೊನಿ ಏಳಬಾರದು. ಇದಕ್ಕೆ ಸಾಕಾಗುವ ಅತಿ ಕಡಿಮೆ ಪ್ರಮಾಣ ಎಂ.ಬಿ.ಸಿ.: ‘ಕನಿಷ್ಠ ಮಾರಕ ಪ್ರಮಾಣ’. ಇದು ತಡೆ ಪ್ರಮಾಣದ ನಾಲ್ಕು ಪಟ್ಟಿನೊಳಗೆ ಇದ್ದರೆ ‘ಬ್ಯಾಕ್ಟೀರಿಯಾನಾಶಕ’ ಎನ್ನುವುದು ವಾಡಿಕೆ. ಹೀಗೆ ಅಳೆಯದೆ ‘ನಾಶಕ’ ಎಂದು ಬರೆದಿದ್ದರೆ ಪದ ತಿದ್ದಿ ಪ್ರಯೋಜನವಿಲ್ಲ, ಲೇಖಕರನ್ನೇ ಕೇಳಿ.

ವಿಧಾನದ ಸಾಲುಗಳನ್ನೂ ನೋಡಿ. ಎಣ್ಣೆ ನೀರಿನಲ್ಲಿ ಬೆರೆಯದು, ಬೆರೆಸಲೆಂದು ಟ್ವೀನ್ 80 ಎಂಬ ರಾಸಾಯನಿಕ ಹಾಕಿದರೆ ದ್ರವವೇ ಮಬ್ಬಾಗುತ್ತದೆ. ಆ ಮಬ್ಬನ್ನು ಬೆಳವಣಿಗೆ ಎಂದು ಓದುವುದುಂಟು. ಅದಕ್ಕೇ ರೆಸಾಜುರಿನ್ ಬಣ್ಣ ಹಾಕುವುದು. ಬೆಳೆದಲ್ಲಿ ಗುಲಾಬಿಗೆ ತಿರುಗುತ್ತದೆ, ಇಲ್ಲದಿದ್ದರೆ ನೀಲಿಯಾಗಿಯೇ ಉಳಿಯುತ್ತದೆ. ಮುಚ್ಚಳ ಸಡಿಲವಿದ್ದರೆ ಹೆಚ್ಚು ಎಣ್ಣೆಯ ಗುಳಿಯ ಆವಿ ಪಕ್ಕದ ಗುಳಿಗೂ ಹೋಗಿ ಅಂಕಿ ಕೆಡುತ್ತದೆ.

‘ಸಾಂದ್ರತೆ’ಯನ್ನು ಬೇಕೆಂದೇ ಬಿಟ್ಟಿದ್ದೇನೆ. ಶಾಲೆಯ ಭೌತವಿಜ್ಞಾನದಲ್ಲಿ ಅದು ಗಾತ್ರಕ್ಕೆ ತಕ್ಕ ರಾಶಿ, ಮತ್ತು ಇಲ್ಲಿ ಆ ಅರ್ಥವೂ ಬೇಕಾಗುತ್ತದೆ. ಲವಂಗದೆಣ್ಣೆ ನೀರಿಗಿಂತ ಭಾರ, ಒಂದು ಮಿಲಿಲೀಟರ್ ಸುಮಾರು 1.05 ಗ್ರಾಂ ತೂಗುತ್ತದೆ. ಕೋಷ್ಟಕದ ‘ಶೇ. 0.1’ ಗಾತ್ರದ ಲೆಕ್ಕವಾದರೆ ಮಿಲಿಲೀಟರ್‌ಗೆ 1.05 ಮಿಲಿಗ್ರಾಂ, ತೂಕದ ಲೆಕ್ಕವಾದರೆ 1 ಮಿಲಿಗ್ರಾಂ. ಯಾವುದೆಂದು ತಲೆಬರಹದಲ್ಲೇ ಹಾಕಿಸಿ.

ನಿಮ್ಮ ಎರಡನೆಯ ವಾಕ್ಯದಲ್ಲಿ ಬ್ಯಾಕ್ಟೀರಿಯಾದ ಹೆಸರೂ ಬರಬೇಕು. ಹೊರಪೊರೆ ಬಿಗಿಯಾಗಿದ್ದು, ಒಳಹೊಕ್ಕದ್ದನ್ನು ಹೊರದಬ್ಬುವ ಸೂಡೊಮೊನಾಸ್ ಏರುಗಿನೋಸ ಇಂಥ ಹಲವು ಎಣ್ಣೆಗಳಿಗೂ ಸುಲಭಕ್ಕೆ ಜಗ್ಗುವುದಿಲ್ಲ.