ಕ್ಷಯ ಒಂದು ದೇಶದಲ್ಲಿ ಯುವಜನರನ್ನು, ಇನ್ನೊಂದರಲ್ಲಿ ವೃದ್ಧರನ್ನು ಹೆಚ್ಚಾಗಿ ಬಾಧಿಸುವುದೇಕೆ?

ಪ್ರಶ್ನೆ

ಆಫ್ರಿಕಾ ಖಂಡದ ದಕ್ಷಿಣ ಭಾಗದ ದೇಶಗಳಲ್ಲಿ ಕ್ಷಯರೋಗವು ದುಡಿಯುವ ವಯಸ್ಸಿನವರಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ; ಜಪಾನಿನಲ್ಲಿ ರೋಗಿಗಳ ಪೈಕಿ ವೃದ್ಧರದೇ ದೊಡ್ಡ ಪಾಲು. ಮುಪ್ಪಿನಲ್ಲಿ ರೋಗನಿರೋಧಕ ಶಕ್ತಿ ಕುಗ್ಗುವುದೇ ಕಾರಣವೆಂದು ಕೆಲವರು ಹೇಳುತ್ತಾರೆ. ಆದರೆ ಅದೇ ಜಪಾನಿನಲ್ಲಿ 20ನೆಯ ಶತಮಾನದ ಆರಂಭದಲ್ಲಿ ಈ ರೋಗಕ್ಕೆ ಬಲಿಯಾದವರಲ್ಲಿ ಯುವಕ ಯುವತಿಯರೇ ಬಹಳ ಮಂದಿ ಇದ್ದುದರಿಂದ ಆ ವಿವರಣೆ ನನಗೆ ಸಾಲದೆನಿಸುತ್ತದೆ. ಬದಲಾದದ್ದು ರೋಗವೋ, ಜನರೋ?

ಉತ್ತರ 1

ಒಂದೇ ವರ್ಷದ ಅಂಕಿಅಂಶಗಳನ್ನು ವಯಸ್ಸಿನ ಪ್ರಕಾರ ಜೋಡಿಸಿ ನೋಡುವುದರಿಂದಲೇ ಈ ಗೊಂದಲ ಹುಟ್ಟುತ್ತದೆ. ಇದನ್ನು ಬಿಡಿಸಿ ತೋರಿಸಿದವರಲ್ಲಿ ಅಮೆರಿಕದ ಸಾಂಕ್ರಾಮಿಕ ರೋಗತಜ್ಞ ವೇಡ್ ಹ್ಯಾಂಪ್ಟನ್ ಫ್ರಾಸ್ಟ್ ಪ್ರಮುಖರು; ಅವರ ಲೇಖನ ಪ್ರಕಟವಾದದ್ದು ಅವರು ತೀರಿಕೊಂಡ ಮೇಲೆ, 1939ರಲ್ಲಿ. ಮ್ಯಾಸಚೂಸೆಟ್ಸ್ ರಾಜ್ಯದ 1880ರಿಂದ 1930ರವರೆಗಿನ ಮರಣದರಗಳನ್ನು ಅವರು ತೆಗೆದುಕೊಂಡರು. 1930ರ ಸಾಲನ್ನಷ್ಟೇ ಓದಿದರೆ ಕ್ಷಯದ ಸಾವು ಇಳಿವಯಸ್ಸಿಗೆ ಸರಿದಂತೆ ಕಾಣುತ್ತಿತ್ತು. ಆದರೆ 1880ರಲ್ಲಿ ಹತ್ತು ವರ್ಷದೊಳಗಿದ್ದ ಮಕ್ಕಳನ್ನೇ ಒಂದು ಪೀಳಿಗೆಯಾಗಿ ಹಿಡಿದು, 1890ರಲ್ಲಿ, 1900ರಲ್ಲಿ, ಹೀಗೆ ಮುಂದಕ್ಕೆ ಅನುಸರಿಸಿದಾಗ, ಅವರ ಮರಣದರದ ಶಿಖರ ಇಪ್ಪತ್ತರ ಹರೆಯದಲ್ಲೇ ಇತ್ತು. ನಂತರದ ಪೀಳಿಗೆಗಳಲ್ಲೂ ಶಿಖರದ ಜಾಗ ಅದೇ; ಎತ್ತರ ಮಾತ್ರ ಪೀಳಿಗೆಯಿಂದ ಪೀಳಿಗೆಗೆ ಕುಸಿಯುತ್ತ ಬಂದಿತ್ತು. ಅಂದರೆ 1930ರ ವೃದ್ಧರು ಹೆಚ್ಚಾಗಿ ಸತ್ತದ್ದು ಬರಿಯ ಮುಪ್ಪಿನಿಂದಲ್ಲ. ಅವರ ಬಾಲ್ಯದಲ್ಲಿ ಸೋಂಕು ಸುತ್ತಲೂ ದಟ್ಟವಾಗಿತ್ತು, ಆಗ ಮೈಹೊಕ್ಕು ಸುಪ್ತವಾಗಿ ಉಳಿದ ರೋಗಾಣುವಿನ ಭಾರವನ್ನು ಅವರು ಜೀವಮಾನವಿಡೀ ಹೊತ್ತಿದ್ದರು. ನನ್ನ ದೃಷ್ಟಿಯಲ್ಲಿ ಜಪಾನಿನ ಇಂದಿನ ವೃದ್ಧರ ವಿಷಯದಲ್ಲಿಯೂ ಇದೇ ಮುಖ್ಯ ವಿವರಣೆ.

ಉತ್ತರ 2

ಪೀಳಿಗೆಯ ವಾದವನ್ನು ಒಪ್ಪುತ್ತೇನೆ, ಆದರೆ ಅದು ರೋಗ ನಿಧಾನವಾಗಿ ಇಳಿಯುತ್ತಿರುವ ಸಮಾಜಗಳಿಗೆ ಚೆನ್ನಾಗಿ ಹೊಂದುತ್ತದೆ. ದಕ್ಷಿಣ ಆಫ್ರಿಕಾದಲ್ಲಿ 1990ರ ದಶಕದಿಂದ ಆದದ್ದೇ ಬೇರೆ. ಸಾಮಾನ್ಯವಾಗಿ ಸೋಂಕು ತಗುಲಿದವರಲ್ಲಿ ಜೀವಮಾನದಲ್ಲಿ ಶೇಕಡ 5ರಿಂದ 10ರಷ್ಟು ಮಂದಿಗೆ ಮಾತ್ರ ರೋಗ ಬರುತ್ತದೆ. ಎಚ್‌ಐವಿ ಜೊತೆಗಿದ್ದು ಅದಕ್ಕೆ ಚಿಕಿತ್ಸೆ ಇಲ್ಲದಿದ್ದರೆ ಹೆಚ್ಚುಕಡಿಮೆ ಅಷ್ಟೇ ಅಪಾಯ ಒಂದೊಂದು ವರ್ಷದಲ್ಲೂ ಎದುರಾಗಬಹುದು. ಎಚ್‌ಐವಿ ಹೆಚ್ಚಾಗಿ ಹರಡಿದ್ದು ಯುವ ವಯಸ್ಕರಲ್ಲಿ, ಆದ್ದರಿಂದ ಕ್ಷಯವೂ ಅವರಲ್ಲೇ ಉಲ್ಬಣಿಸಿತು. ಸೋವಿಯತ್ ಒಕ್ಕೂಟ ಕುಸಿದ ಬಳಿಕ ರಷ್ಯಾದಲ್ಲಿ ರೋಗ ಮತ್ತೆ ಏರಿದ್ದಕ್ಕೆ ಕಾರಣ ಬಡತನ, ಕಿಕ್ಕಿರಿದ ಸೆರೆಮನೆಗಳು, ನಡುವೆಯೇ ನಿಂತುಹೋದ ಚಿಕಿತ್ಸೆಗಳು. ಔಷಧಗಳಿಗೆ ಬಗ್ಗದ ತಳಿಗಳು ಅಲ್ಲಿ ಬೇರೂರಿದ್ದೂ ಹಾಗೆಯೇ. ಇಳಿಮುಖವಾಗಿದ್ದ ರೇಖೆ ಕೆಲವೇ ವರ್ಷಗಳಲ್ಲಿ ತಿರುಗಬಲ್ಲದು ಎಂಬುದನ್ನು ಮರೆಯಬಾರದು.

ಉತ್ತರ 3

ಯಾವ ಅಂಕಿಯನ್ನು ಹೋಲಿಸುತ್ತಿದ್ದೇವೆ ಎಂಬುದನ್ನೂ ಗಮನಿಸಬೇಕು. ವಿಶ್ವದಲ್ಲಿ ಹೊಸದಾಗಿ ಪತ್ತೆಯಾಗಿ ದಾಖಲಾದ ರೋಗಿಗಳ ಸಂಖ್ಯೆ 2019ರಲ್ಲಿ ಸುಮಾರು 71 ಲಕ್ಷವಿದ್ದದ್ದು 2020ರಲ್ಲಿ 58 ಲಕ್ಷಕ್ಕೆ ಇಳಿಯಿತು. ರೋಗ ಕಡಿಮೆಯಾದದ್ದರಿಂದ ಅಲ್ಲ. ಕೋವಿಡ್ ಕಾಲದಲ್ಲಿ ಜನರಿಗೆ ತಪಾಸಣೆ ಸಿಗಲಿಲ್ಲ, ಸಾವುಗಳು ಹೆಚ್ಚಿದವು. ಗಂಡಸರು ಹೆಂಗಸರ ವಿಷಯದಲ್ಲಿಯೂ ಇಂಥದೇ ತೊಡಕಿದೆ: ಮನೆಮನೆಗೆ ಹೋಗಿ ನಡೆಸಿದ ಸಮೀಕ್ಷೆಗಳಲ್ಲಿ ಗಂಡಸರ ಪಾಲು ಆಸ್ಪತ್ರೆಯ ದಾಖಲೆಗಳಲ್ಲಿ ಕಾಣುವುದಕ್ಕಿಂತ ಹೆಚ್ಚಿರುತ್ತದೆ, ಅಂದರೆ ಪತ್ತೆಯಾಗದೆ ಉಳಿಯುವವರಲ್ಲಿ ಅವರೇ ಹೆಚ್ಚು.

ಪ್ರಶ್ನೆ ಕೇಳಿದವರು

ಮೂವರಿಗೂ ಧನ್ಯವಾದಗಳು. ಹಾಗಾದರೆ ವೃದ್ಧರೊಬ್ಬರಿಗೆ ಬಂದ ಕ್ಷಯ ಹಳೆಯ ಸೋಂಕಿನದೋ ಹೊಸದಾಗಿ ತಗುಲಿದ್ದೋ ಎಂದು ತಿಳಿಯುವ ದಾರಿಯಿದೆಯೇ?

ಉತ್ತರ 1

ಸಾಕಷ್ಟು ಮಟ್ಟಿಗೆ ಇದೆ. ರೋಗಾಣುವಿನ ಜೀನೋಮ್ ಅನ್ನು, ಅಂದರೆ ಅದರ ಒಟ್ಟು ಆನುವಂಶಿಕ ಮಾಹಿತಿಯನ್ನು, ಪೂರ್ತಿಯಾಗಿ ಓದಿ ಇತರ ರೋಗಿಗಳ ರೋಗಾಣುವಿನೊಂದಿಗೆ ಹೋಲಿಸುತ್ತಾರೆ. ಎರಡರ ನಡುವೆ ಬೆರಳೆಣಿಕೆಯ ವ್ಯತ್ಯಾಸಗಳಷ್ಟೇ ಇದ್ದರೆ ಸೋಂಕು ಇತ್ತೀಚಿನದೆಂದು ಶಂಕಿಸಿ ಸಂಪರ್ಕವನ್ನು ಹುಡುಕುತ್ತಾರೆ. ಯಾರದಕ್ಕೂ ಹೊಂದದಿದ್ದರೆ ಹಳೆಯದು ಮರುಕಳಿಸಿರುವ ಸಾಧ್ಯತೆ ಹೆಚ್ಚು. ವೃದ್ಧರ ಆರೈಕೆ ಕೇಂದ್ರಗಳಲ್ಲಿ ಹೊಸ ಸೋಂಕೂ ಹರಡುವುದರಿಂದ, ವಯಸ್ಸನ್ನಷ್ಟೇ ನೋಡಿ ಹಳೆಯದೆಂದು ಬಿಟ್ಟುಬಿಡದೆ ಜೊತೆಯಲ್ಲಿ ಇರುವವರನ್ನೂ ತಪಾಸಣೆ ಮಾಡಲೇಬೇಕು.