ಚಾಟ್ ಪ್ಯಾನೆಲ್: ಫೈರ್‌ಫಾಕ್ಸ್‌ನಲ್ಲಿ ಬಟನ್ ಆಚೆ ಬರುತ್ತದೆ, ಐಫೋನ್‌ನಲ್ಲಿ ಕೆಳಗಿನ ಸಾಲೇ ಕಾಣುವುದಿಲ್ಲ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಪೇಜಿನ ಬಲಗಡೆ ನಿಲ್ಲುವ ಚಾಟ್ ಪ್ಯಾನೆಲ್ ಒಂದನ್ನು ಮಾಡುತ್ತಿದ್ದೇನೆ. ಮೇಲೆ ಹೆಡರ್, ನಡುವೆ ಮೆಸೇಜ್‌ಗಳು, ಕೆಳಗೆ ಇನ್‌ಪುಟ್ ಮತ್ತು ‘ಕಳುಹಿಸಿ’ ಬಟನ್. ಅಗಲ 260 ಪಿಕ್ಸೆಲ್, ಎತ್ತರ 100ವಿಎಚ್ (ಪರದೆಯ ಪೂರ್ತಿ ಎತ್ತರ ಅಂತ). ಕೆಳಗಿನ ಸಾಲು ಫ್ಲೆಕ್ಸ್ (ಒಳಗಿರುವವಕ್ಕೆ ಜಾಗ ಹಂಚುವ ಲೇಔಟ್), ಉಳಿದ ಜಾಗ ಸಿಗಲಿ ಅಂತ ಇನ್‌ಪುಟ್‌ಗೆ ಫ್ಲೆಕ್ಸ್: 1 ಕೊಟ್ಟಿದ್ದೇನೆ.

ಕ್ರೋಮ್‌ನಲ್ಲಿ ಅಚ್ಚುಕಟ್ಟಾಗಿ ಕೂರುತ್ತದೆ. ಫೈರ್‌ಫಾಕ್ಸ್‌ನಲ್ಲಿ ಬಟನ್ ಅಂಚು ದಾಟಿ ಹೋಗಿ, ‘ಕಳುಹಿಸಿ’ಯ ಕೊನೆಯ ಅಕ್ಷರ ಕಾಣುವುದಿಲ್ಲ. ಐಫೋನ್ ಸಫಾರಿಯಲ್ಲಿ ಇನ್ನೂ ಕಷ್ಟ. ಆ ಇಡೀ ಸಾಲು ಅಡ್ರೆಸ್ ಬಾರ್ ಹಿಂದೆ ಅಡಗಿಬಿಡುತ್ತದೆ. ಐಫೋನ್‌ನ ಕ್ರೋಮ್‌ನಲ್ಲೂ ನೋಡಿದೆ, ಅಲ್ಲೂ ಇದೇ ಕಥೆ.

ಸದ್ಯಕ್ಕೆ ಜಾವಾಸ್ಕ್ರಿಪ್ಟ್‌ನಲ್ಲಿ ಬ್ರೌಸರ್ ಹೆಸರು ನೋಡಿ, ಫೈರ್‌ಫಾಕ್ಸ್ ಆದರೆ ಇನ್‌ಪುಟ್‌ಗೆ 130 ಪಿಕ್ಸೆಲ್ ಅಗಲ ಹಾಕಿದ್ದೇನೆ. ಕೆಲಸ ಆಗುತ್ತದೆ, ಆದರೆ ಮನಸ್ಸು ಒಪ್ಪುತ್ತಿಲ್ಲ. ಕಾರಣ ಗೊತ್ತಿಲ್ಲದೆ ತೇಪೆ ಹಾಕಿದರೆ ನಾಳೆ ಇನ್ನೊಂದು ಕಡೆ ಹರಿಯುತ್ತದೆ ಅಲ್ವಾ? ಮೂರು ದಿನದಿಂದ ಇದರಲ್ಲೇ ಇದ್ದೇನೆ.

ಉತ್ತರ 1

ಆ 130 ಅನ್ನು ಮೊದಲು ತೆಗೆದುಬಿಡಿ. ಇದು ಫೈರ್‌ಫಾಕ್ಸ್‌ನ ತಪ್ಪಲ್ಲ. ಫ್ಲೆಕ್ಸ್ ಐಟಂಗೆ (ಆ ಸಾಲಿನೊಳಗಿನ ಇನ್‌ಪುಟ್‌ನಂಥದ್ದಕ್ಕೆ) ಮಿನ್-ವಿಡ್ತ್, ಅಂದರೆ ಕನಿಷ್ಠ ಅಗಲ, ಸುಮ್ನೆ ಬಿಟ್ಟರೆ ಸೊನ್ನೆ ಅಲ್ಲ, ಆಟೋ. ಅಂದರೆ ಒಳಗಿರುವುದಕ್ಕೆ ಬೇಕಾದಷ್ಟು ಜಾಗಕ್ಕಿಂತ ಅದು ಕುಗ್ಗುವುದಿಲ್ಲ. ಇನ್‌ಪುಟ್ ಖಾಲಿ ಇದ್ದರೂ ಅದಕ್ಕೆ ತನ್ನದೇ ಅಗಲ ಇದೆ, 20 ಅಕ್ಷರದ ಲೆಕ್ಕ. ಆ 20 ಅಕ್ಷರ ಎಷ್ಟು ಪಿಕ್ಸೆಲ್ ಅನ್ನುವುದು ಫಾಂಟ್ ಮೇಲೆ, ಬ್ರೌಸರ್ ಮೇಲೆ ಹೋಗುತ್ತದೆ. ಇನ್‌ಪುಟ್ ಪೇಜಿನ ಫಾಂಟನ್ನು ತಾನಾಗಿ ತೆಗೆದುಕೊಳ್ಳುವುದೂ ಇಲ್ಲ. ಕ್ರೋಮ್‌ನಲ್ಲಿ ಅದು ಕೂದಲೆಳೆಯ ಅಂತರದಲ್ಲಿ ಹಿಡಿದಿದೆ, ಅಷ್ಟೇ.

ಇನ್‌ಪುಟ್‌ಗೆ ಮಿನ್-ವಿಡ್ತ್: 0 ಮತ್ತು ಫಾಂಟ್: ಇನ್‌ಹೆರಿಟ್ (ಪೇಜಿನ ಫಾಂಟನ್ನೇ ತೆಗೆದುಕೋ ಅಂತ) ಕೊಡಿ. ಅದಕ್ಕೂ ಮುಂಚೆ ಒಂದು ಕೆಲಸ ಮಾಡಿ, ದಯವಿಟ್ಟು. ಪೇಜಿನ ಭಾಗಗಳ ಅಳತೆ ತೋರಿಸುವ ಫೈರ್‌ಫಾಕ್ಸ್ ಇನ್‌ಸ್ಪೆಕ್ಟರ್‌ನ ಲೇಔಟ್ ಟ್ಯಾಬ್‌ನಲ್ಲಿ ಆ ಇನ್‌ಪುಟ್ ಆರಿಸಿ. ಐಟಂ ಎಷ್ಟು ಕುಗ್ಗಬೇಕಿತ್ತು, ಯಾವ ಕನಿಷ್ಠ ಅಳತೆ ತಡೆಯಿತು ಅಂತ ಸಾಲು ಸಾಲಾಗಿ ತೋರಿಸುತ್ತದೆ. ಒಂದು ಸಲ ಕಣ್ಣಾರೆ ನೋಡಿದರೆ ಮತ್ತೆ ಮರೆಯುವುದಿಲ್ಲ.

ಉತ್ತರ 2

ಐಫೋನ್ ವಿಷಯ ನಾನು ಹೇಳುತ್ತೇನೆ. ಅಲ್ಲಿ 100ವಿಎಚ್ ಅಂದರೆ ಅಡ್ರೆಸ್ ಬಾರ್ ಸರಿದು ಚಿಕ್ಕದಾದ ಮೇಲೆ ಸಿಗುವ ಎತ್ತರ. ಬಾರ್ ಪೂರ್ತಿ ಇರುವಾಗ ಪ್ಯಾನೆಲ್ ಅಷ್ಟು ಉದ್ದ ಜಾಸ್ತಿಯಾಗುತ್ತದೆ. ಮೊದಲು ಹೈಟ್: 100ವಿಎಚ್, ಅದರ ಕೆಳಗಿನ ಸಾಲಿನಲ್ಲಿ ಹೈಟ್: 100ಡಿವಿಎಚ್ (ಆ ಕ್ಷಣಕ್ಕೆ ನಿಜವಾಗಿ ಕಾಣುವ ಎತ್ತರ) ಬರೆಯಿರಿ. ಈ ಕ್ರಮ ಮುಖ್ಯ. ಹಳೆಯ ಬ್ರೌಸರ್ ಎರಡನೆಯದನ್ನು ಅರ್ಥವಾಗದೆ ಬಿಟ್ಟುಬಿಡುತ್ತದೆ. ಡಿವಿಎಚ್ 2022ರಲ್ಲಿ ಬಂತು: ಸಫಾರಿ 15.4, ಫೈರ್‌ಫಾಕ್ಸ್ 101, ಕ್ರೋಮ್ 108.

ಇನ್ನೊಂದು ಮಾತು. ಐಫೋನ್‌ನ ಕ್ರೋಮ್ ಒಳಗೂ ಪೇಜ್ ಬಿಡಿಸುವ ಎಂಜಿನ್ ಸಫಾರಿಯ ವೆಬ್‌ಕಿಟ್ಟೇ. ಹಾಗಾಗಿ ನೀವು ಎರಡು ಬ್ರೌಸರ್ ನೋಡಿದಂತಾಗಲಿಲ್ಲ. ಇನ್‌ಪುಟ್‌ನ ಅಕ್ಷರ 16 ಪಿಕ್ಸೆಲ್‌ಗಿಂತ ಚಿಕ್ಕದಿದ್ದರೆ ಅಲ್ಲಿ ಮುಟ್ಟಿದ ಕೂಡಲೇ ಪೇಜ್ ಜೂಮ್ ಆಗುತ್ತದೆ, ಅದನ್ನೂ ನೋಡಿಕೊಳ್ಳಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ತುಂಬಾ ಥ್ಯಾಂಕ್ಸ್! ಇನ್‌ಸ್ಪೆಕ್ಟರ್‌ನಲ್ಲಿ ನೋಡಿದೆ. ಇನ್‌ಪುಟ್‌ಗೆ ಉಳಿದಿದ್ದ ಜಾಗ 156 ಪಿಕ್ಸೆಲ್, ಅದು ಹಿಡಿದುಕೊಂಡಿದ್ದ ಕನಿಷ್ಠ ಅಗಲ 178. ಆಚೆ ಬಂದ ಬಟನ್ ಅಳೆದರೆ ಸರಿಯಾಗಿ 22. ಆ ಲೆಕ್ಕ ಕೂಡಿದಾಗ ಆದ ಖುಷಿ ಹೇಳತೀರದು. ಬ್ರೌಸರ್ ಹೆಸರು ನೋಡುವ ಕೋಡ್ ಪೂರ್ತಿ ಅಳಿಸಿದೆ. ಅಕ್ಷರ 14 ಇತ್ತು, 16 ಮಾಡಿದೆ. ಡಿವಿಎಚ್ ಹಾಕಿದ ಮೇಲೆ ಐಫೋನ್‌ನಲ್ಲೂ ಸಾಲು ಕಾಣುತ್ತಿದೆ.

ಒಂದು ಉಳಿದಿದೆ. ಮೆಸೇಜ್‌ನಲ್ಲಿ ಉದ್ದದ ಲಿಂಕ್ ಬಂದರೆ ಆ ಮೆಸೇಜ್‌ನ ಗುಳ್ಳೆ (ಬಬಲ್) ಪ್ಯಾನೆಲ್‌ಗಿಂತ ಅಗಲವಾಗುತ್ತದೆ. ಓವರ್‌ಫ್ಲೋ-ರ‍್ಯಾಪ್: ಬ್ರೇಕ್-ವರ್ಡ್ (ಸಾಲಿನಲ್ಲಿ ಹಿಡಿಯದ ಪದ ಮುರಿ ಅಂತ) ಇದ್ದರೂ ಮುರಿಯುತ್ತಿಲ್ಲ.

ಉತ್ತರ 1

ಅದೇ ಕಾಯಿಲೆ. ಗುಳ್ಳೆಯೂ ಫ್ಲೆಕ್ಸ್ ಐಟಂ ಅಲ್ವಾ? ಬ್ರೇಕ್-ವರ್ಡ್ ಇದ್ದರೂ ಕನಿಷ್ಠ ಅಗಲ ಎಣಿಸುವಾಗ ಲಿಂಕ್ ಮುರಿಯದ ಒಂದೇ ಪದ. ಬ್ರೇಕ್-ವರ್ಡ್ ಬದಲು ಎನಿವೇರ್ ಅಂತ ಕೊಟ್ಟರೆ ಆ ಎಣಿಕೆಯಲ್ಲೂ ಮುರಿಯುತ್ತದೆ. ಹಳೆಯ ಸಫಾರಿಗೂ ಬೇಕಿದ್ದರೆ ಬ್ರೇಕ್-ವರ್ಡ್ ಉಳಿಸಿಕೊಂಡು, ಗುಳ್ಳೆಗೆ ಮಿನ್-ವಿಡ್ತ್: 0 ಸೇರಿಸಿ.